ಮಲಗಿಸಿದ ಮುಖ

ಕಾಶಿ ಆ ಕಿವಿ ಮಾಡಿದ್ದು ಒಂದು ಸೋಮವಾರ. ಅದರ ಹಿಂದಿನ ದಿನ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಅವ್ವ ನಸುಕಿನಲ್ಲೇ ಬಚ್ಚಲೊಲೆಗೆ ಹತ್ತಿಕಟ್ಟಿಗೆ ತುರುಕಿ ಹಂಡೆ ಕಾಯಲು ಹಚ್ಚಿದ್ದಳು. ಹಂಡೆಯ ಬಾಯಿಯ ಮೇಲೆ ಹಿತ್ತಾಳೆಯ ಪರಾತ, ಪರಾತದಲ್ಲಿ ಅಪ್ಪನ ಎಣ್ಣೆಮಣ್ಣಿನ ಗಡ್ಡೆಗಳು. ಚಳಿಗಾಲಕ್ಕೆ ಆ ಮಣ್ಣು ಬೆಲ್ಲದ ಪೆಂಟೆಯ ಹಾಗೆ ಬಿಗಿದುಕೊಳ್ಳುತ್ತಿತ್ತು. ನೀರು ಕಾದಂತೆ ಅದೂ ಸಡಿಲವಾಗುತ್ತಿತ್ತು. ಎಲ್ಲರ ಸ್ನಾನ ಮುಗಿಯುವ ಹೊತ್ತಿಗೆ ನಾನು ಪರಾತವನ್ನು ಪಡಸಾಲೆಗೆ ಹೊತ್ತು ತಂದು, ಅವ್ವ ರೊಟ್ಟಿಯ ಹಿಟ್ಟು ನಾದುವ ಹಾಗೆ ಅದನ್ನು ನಾದಬೇಕು. ಅದು ನನ್ನ ಕೆಲಸ. ಏಳನೆಯ ವರ್ಷಕ್ಕೆ ಶುರು ಮಾಡಿದ್ದೆ. ಆಗ ನನಗೆ ಹನ್ನೊಂದು. ಅಪ್ಪ ಬಂದು ಪಕ್ಕದಲ್ಲಿ ಕುಳಿತು ಒಂದು ಕೈಯಿಂದ ನನ್ನ ಕಿವಿಯ ಹಾಲೆ ಹಿಡಿಯುತ್ತಿದ್ದ, ಇನ್ನೊಂದು ಕೈಯಿಂದ ಮಣ್ಣು ಹಿಸುಕುತ್ತಿದ್ದ. ಎರಡೂ ಒಂದೇ ಮೆತ್ತಗಿದ್ದರೆ ಮಣ್ಣು ಹದಕ್ಕೆ ಬಂದಂತೆ.

“ಇನ್ನಾ ಬಿಗಿ ಅದ ನೀಲಾ. ನಿನ್ನ ಕಿವಿ ಬೆಣ್ಣಿ ಆಗೇತಿ, ಮಣ್ಣ ಆಗಿಲ್ಲ.”

ನಾನು ಮತ್ತೆ ನಾದುತ್ತಿದ್ದೆ. ಒಂದೊಂದು ದಿನ ಬೇಕೆಂದೇ ಒಂದು ಗಡ್ಡೆಯನ್ನು ಗಟ್ಟಿಯಾಗಿ ಬಿಡುತ್ತಿದ್ದೆ, ಅಪ್ಪ ಇನ್ನೊಮ್ಮೆ ಕಿವಿ ಹಿಡಿಯಲಿ ಎಂದು. ಆ ಭಾನುವಾರವೂ ಹಾಗೆಯೇ ಬಿಟ್ಟಿದ್ದೆ. ನನ್ನ ತಂಗಿ ಕಾಶಿ ನನಗಿಂತ ಮೂರು ವರ್ಷ ಚಿಕ್ಕವಳು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ಪೇರಲಹಣ್ಣು ತಿನ್ನುತ್ತ ನಮ್ಮನ್ನು ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಏನನ್ನು ಎಂದು ನಾನು ಆಗ ಯೋಚಿಸಲಿಲ್ಲ. ಅವಳಿಗೆ ಮಣ್ಣು ಬೇಡ, ಹಣ್ಣು ಸಾಕು ಎಂದುಕೊಂಡೆ. ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ. ಊಟಕ್ಕೆ ಅಪ್ಪನ ಬಲಕ್ಕೆ ನಾನು, ಅವ್ವನ ಮಗ್ಗುಲಲ್ಲಿ ಅವಳು. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಇದ್ದ ಕೊನೆಯ ದಿನ ಅದು.

ನಾವಿದ್ದದ್ದು ಬೈಲಹೊಂಗಲದಲ್ಲಿ, ಹತ್ತಿ ಅಡತಿ ಅಂಗಡಿಗಳ ಹಿಂದಿನ ಓಣಿಯಲ್ಲಿ. ಅಪ್ಪ ಊರದೇವತೆಗಳ ಹಿತ್ತಾಳೆ ಮುಖಗಳಿಗೆ ಮೊದಲ ರೂಪ ಮಾಡುವವನು. ಹಲಗೆಯ ಮೇಲೆ ಅರ್ಧ ಮಡಿಕೆಯನ್ನು ಬೋರಲು ಕೂಡ್ರಿಸಿ, ಅದರ ಮೇಲೆ ಎಣ್ಣೆಮಣ್ಣು ಮೆತ್ತಿ ಮುಖ ಎಬ್ಬಿಸುತ್ತಿದ್ದ. ಊರಿನ ಹಿರಿಯರು ಬಂದು ನೋಡಿ ಒಪ್ಪಿದ ಮೇಲೆ ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಎರಕ ಹೊಯ್ಯುವ ಹುಸೇನಸಾಬ ಕಾಕಾನ ಮನೆಗೆ ಕೊಡುತ್ತಿದ್ದ. ಮಣ್ಣನ್ನೂ ಅಪ್ಪನೇ ಕೂಡಿಸುತ್ತಿದ್ದ. ಕುಟ್ಟಿ ಸೀರೆಯ ಬಟ್ಟೆಯಲ್ಲಿ ಸೋಸಿದ ಕೆರೆಮಣ್ಣಿನ ಪುಡಿ, ಜೇನುಮೇಣ, ಔಡಲೆಣ್ಣೆ, ಲಾರಿ ಗ್ಯಾರೇಜಿನಿಂದ ತಂದ ಗ್ರೀಸು. ನೀರು ಒಂದು ಹನಿಯೂ ಇಲ್ಲ. ಅದಕ್ಕೇ ಅದು ಒಣಗುವುದಿಲ್ಲ, ಬಿರಿಯುವುದಿಲ್ಲ, ಎಷ್ಟು ಸಲ ಬೇಕಾದರೂ ಮತ್ತೆ ಮುದ್ದೆಯಾಗುತ್ತದೆ. ಕುಂಬಾರರ ಮಣ್ಣು ಒಮ್ಮೆ ಗಡಿಗೆಯಾದರೆ ಅಲ್ಲಿಗೆ ಮುಗಿಯಿತು. ನಮ್ಮದು ಮುಗಿಯುವ ಮಣ್ಣಲ್ಲ. ಕಿತ್ತೂರಿನ ಕಡೆಯ ದುರ್ಗವ್ವ, ಮುರಗೋಡದ ಹತ್ತಿರದ ಒಂದು ಹಳ್ಳಿಯ ಕರೆವ್ವ, ಸವದತ್ತಿ ರಸ್ತೆಯ ಮರಗವ್ವ, ಎಲ್ಲರೂ ಅದೇ ಹದಿನೆಂಟು ಕಿಲೋ ಮಣ್ಣಿನಿಂದ ಎದ್ದು ಬಂದು ಮತ್ತೆ ಅದರೊಳಗೇ ಹೋದವರು.

ಅಚ್ಚು ತೆಗೆದ ಮೇಲೆ ಮುಖವನ್ನು ಕೆಡಿಸಿ ಮಣ್ಣನ್ನು ಪರಾತಕ್ಕೆ ಹಾಕಬೇಕಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ‘ಮಲಗಿಸುವುದು’ ಎನ್ನುತ್ತಿದ್ದರು. ಒಡೆ, ಮುರಿ, ಕೆಡಿಸು ಎಂಬ ಮಾತು ಪಡಸಾಲೆಯಲ್ಲಿ ಬಾಯಿಗೆ ಬರಕೂಡದು. ಕಣ್ಣು ತೆರೆದಿರುವ ಮುಖಕ್ಕೆ ಅಪ್ಪನ ಹೊರತು ಯಾರೂ ಕೈ ಹಚ್ಚಬಾರದು. ಮೊದಲು ಅಪ್ಪ ಎರಡೂ ಹೆಬ್ಬೆರಳು ಕಣ್ಣುಗಳ ಮೇಲಿಟ್ಟು ಮೆಲ್ಲಗೆ ಕೆಳಗೆ ಎಳೆಯುತ್ತಿದ್ದ. ರೆಪ್ಪೆ ಮುಚ್ಚಿದಂತಾಗುತ್ತಿತ್ತು. ಆಮೇಲೆ ಮಲಗಿಸುವುದು ನನ್ನ ಪಾಲಿನದು. ಕೆಲವು ಸಲ ತಾನು ಮಾಡಿದ ಮುಖ ತನಗೇ ಹಿಡಿಸದೆ ಅಚ್ಚು ತೆಗೆಯುವ ಮೊದಲೇ ಕಣ್ಣು ಮುಚ್ಚಿಬಿಡುತ್ತಿದ್ದ. ಬೆಳಿಗ್ಗೆ ಎದ್ದು ನೋಡಿದಾಗ ಮುಖ ಕಣ್ಣು ಮುಚ್ಚಿಕೊಂಡಿದ್ದರೆ ಏನೂ ಕೇಳದೆ ಮಲಗಿಸಬೇಕು. ಕೇಳಿದರೆ ಅಂದಿನ ದಿನವೆಲ್ಲ ಅಪ್ಪ ಮಾತಾಡುತ್ತಿರಲಿಲ್ಲ.

ಮಾಳಿಗೆ ಮನೆ ನಮ್ಮದು, ಒಳಗೆ ಕತ್ತಲೆ ಹೆಚ್ಚು. ಪಡಸಾಲೆಯ ಮೇಲೆ ಒಂದೇ ಬೆಳಕಿಂಡಿ. ಅದರಿಂದ ಬಿದ್ದ ಬಿಸಿಲಿನ ಚೌಕ ಬೆಳಿಗ್ಗೆ ದೇವರ ಜಗಲಿಯ ಹತ್ತಿರ ಇದ್ದು ಸಂಜೆಗೆ ಬೀಸುಕಲ್ಲಿನ ತನಕ ಸರಿಯುತ್ತಿತ್ತು. ಅಪ್ಪ ತನ್ನ ಹಲಗೆಯನ್ನು ಅದರ ಹಿಂದೆಯೇ ಸರಿಸುತ್ತಿದ್ದ, ನಾನು ಪರಾತವನ್ನು ಅಪ್ಪನ ಹಿಂದೆ ಸರಿಸುತ್ತಿದ್ದೆ. ಬಿಸಿಲಿನಲ್ಲಿ ಹಿಟ್ಟು ಆರಹಾಕಲು ಜಾಗವಿಲ್ಲವೆಂದು ಅವ್ವ ದಿನಾಲು ಗೊಣಗುವವಳು. ಆ ಪರಾತ ಅವಳು ತವರಿನಿಂದ ತಂದದ್ದು. ಅದು ಹಂಡೆಯ ಮೇಲೆ ಏರಿದ ಮೇಲೆ ಅವಳಿಗೆ ಹಿಟ್ಟು ನಾದಲು ತಗಡಿನ ತಾಟು ಉಳಿದಿತ್ತು. ಅಪ್ಪ ಎಷ್ಟು ಕಡಲೆಹಿಟ್ಟು ಹಚ್ಚಿ ಕೈ ತೊಳೆದರೂ ಮೇಣದ ವಾಸನೆ ಹೋಗುತ್ತಿರಲಿಲ್ಲ. ಅವನು ಮುರಿದುಕೊಟ್ಟ ರೊಟ್ಟಿಯಲ್ಲೂ ಅದು ಇರುತ್ತಿತ್ತು. ಕಾಶಿ ಅದನ್ನು ಮೂಸಿ ಬದಿಗೆ ಸರಿಸುತ್ತಿದ್ದಳು. ನಾನು ಅದನ್ನೇ ಕೇಳಿ ತಿನ್ನುತ್ತಿದ್ದೆ.

ಸೋಮವಾರ ಏನಾಯಿತೆಂದರೆ, ಅಪ್ಪ ಒಂದು ಕಿವಿಯ ಜೊತೆ ಹೆಣಗುತ್ತಿದ್ದ. ಅಪ್ಪನಿಗೆ ಕಿವಿ ಎಂದೂ ಒಲಿದಿರಲಿಲ್ಲ. ಮೂಗು, ತುಟಿ, ಹುಬ್ಬು ನೋಡನೋಡುತ್ತಲೇ ಆಗುತ್ತಿದ್ದವು, ಕಿವಿ ಮಾತ್ರ ಒಣಗಿದ ಅಂಜೂರದ ಹಾಗೆ ಎಂದು ಹುಸೇನಸಾಬ ಕಾಕಾ ನಗುತ್ತಿದ್ದ. ಅಂದು ಮೂರು ಸಲ ಮಾಡಿ ಮೂರು ಸಲ ಕಿತ್ತು ಎಸೆದು ಚಹಾಕ್ಕೆ ಎದ್ದ. ಎಸೆದ ಮಣ್ಣು ಕಾಶಿಯ ಕಾಲ ಹತ್ತಿರ ಬಿದ್ದಿತ್ತು. ಅಪ್ಪ ತಿರುಗಿ ಬರುವಷ್ಟರಲ್ಲಿ ಅವಳು ಅದರಿಂದ ಒಂದು ಕಿವಿ ಮಾಡಿ ಹೊಸ್ತಿಲ ಮೇಲೆ ಇಟ್ಟಿದ್ದಳು. ಬಿದಿರಿನ ಕಡ್ಡಿಯೂ ಇಲ್ಲ, ಬರೀ ಬೆರಳು. ಒಳಗಿನ ಸುತ್ತು, ಅಂಚಿನ ಮಡಿಕೆ, ಹಾಲೆ, ಹಾಲೆಯಲ್ಲಿ ಒಂದರ ಪಕ್ಕ ಒಂದು ಎರಡು ತೂತು. ಅಪ್ಪ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಂಡಿಯ ಕೆಳಗೆ ಬಹಳ ಹೊತ್ತು ನಿಂತ.

“ಇದು ನಿಮ್ಮಕ್ಕನ ಕಿವಿ,” ಎಂದ.

“ಹೂಂ. ದಿನಾ ನೀ ಹಿಡೀತಿಯಲ್ಲ, ಅದ,” ಎಂದಳು ಕಾಶಿ.

ಚಿಕ್ಕವಳಿದ್ದಾಗ ನನ್ನ ಬಲಗಿವಿ ಚುಚ್ಚುವಾಗ ಸೂಜಿ ತಪ್ಪಿ ಎರಡು ತೂತು ಬಿದ್ದಿದ್ದವು. ಅದನ್ನೂ ಬಿಟ್ಟಿರಲಿಲ್ಲ ಅವಳು. ಅಪ್ಪ ಅವ್ವನನ್ನು ಕರೆದು ತೋರಿಸಿದ, ಕಾಕಾನಿಗೆ ಒಯ್ದು ತೋರಿಸಿದ. ಎಲ್ಲರೂ ಆ ಮಣ್ಣಿನ ಕಿವಿಯನ್ನು ನೋಡಿ, ನನ್ನ ಕಿವಿಯನ್ನು ನೋಡಿ, ಮತ್ತೆ ಅವಳನ್ನು ನೋಡುತ್ತಿದ್ದರು. ನನ್ನ ಹತ್ತಿರ ಒಂದೇ ಒಂದು ಇತ್ತು, ಅದನ್ನೂ ತೆಗೆದುಕೊಂಡಳು ಎಂದು ನನಗೆ ಅನ್ನಿಸಿತು.

ಮರುದಿನದಿಂದ ಪಡಸಾಲೆಯಲ್ಲಿ ಕೂಡುವ ಜಾಗ ಬದಲಾಯಿತು. ಹಲಗೆಯ ಬಲಕ್ಕೆ ಕಾಶಿ ಕುಳಿತಳು. ಕಿವಿಗಳೆಲ್ಲ ಅವಳ ಪಾಲಿಗೆ ಹೋದವು. ಕಣ್ಣು ತೆರೆದ ಮುಖವನ್ನು ಮುಟ್ಟುವ ಅಧಿಕಾರ ಮನೆಯಲ್ಲಿ ಎರಡನೆಯವರಿಗೆ ಸಿಕ್ಕಿತು. ನಾನು ಪರಾತದ ಹತ್ತಿರವೇ ಉಳಿದೆ. ಅಪ್ಪ ಈಗ ಹದ ನೋಡಲು ಕಿವಿ ಹಿಡಿಯುವುದನ್ನು ಬಿಟ್ಟ. ಮಣ್ಣನ್ನು ಕಾಶಿಯ ಕೈಗೆ ಕೊಟ್ಟು, ಆತೇನು ಎಂದು ಅವಳನ್ನೇ ಕೇಳುತ್ತಿದ್ದ. ಅವಳು ಎರಡು ಬೆರಳಲ್ಲಿ ಹಿಸುಕಿ, ಇನ್ನಷ್ಟು ನಾದಾಕ ಹೇಳು ಆಕಿಗೆ, ಎನ್ನುತ್ತಿದ್ದಳು. ಎಂಟು ವರ್ಷದ ಹುಡುಗಿ ಆಟಕ್ಕೆಂದು ಆಡಿದ ಮಾತು. ಆದರೆ ‘ಆಕಿಗೆ’ ಎಂಬುದು ನನಗೆ ಮೈಯೆಲ್ಲ ಉರಿಯುವಂತೆ ಮಾಡುತ್ತಿತ್ತು. ನಾನು ಮಣ್ಣಿನಲ್ಲಿ ಸಣ್ಣ ಹರಳು ಬಿಡತೊಡಗಿದೆ, ಅವಳ ಬೆರಳಿಗೆ ಚುಚ್ಚಲಿ ಎಂದು. ಅವಳು ಹರಳನ್ನು ತೆಗೆದು ನನ್ನ ಪರಾತದ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದಳು. ಅಪ್ಪನಿಗೆ ಹೇಳುತ್ತಿರಲಿಲ್ಲ. ಹೇಳಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಹಾಸಿಗೆಯಲ್ಲಿ ನಾವಿಬ್ಬರೂ ಒಂದೇ ಕೌದಿಯ ಕೆಳಗೆ ಮಲಗುವವರು. ಆ ತಿಂಗಳುಗಳಲ್ಲಿ ನಾನು ಕೌದಿಯನ್ನು ನನ್ನ ಕಡೆಗೇ ಎಳೆದುಕೊಂಡು ಮಲಗಿದ್ದೇನೆ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಯರಗಟ್ಟಿಯ ಕಡೆಯ ಒಂದು ಊರಿನವರು ತಮ್ಮ ಊರವ್ವನಿಗೆ ಹೊಸ ಮುಖ ಮಾಡಿಸಲು ಬಂದರು. ಅಪ್ಪ ಅದುವರೆಗೆ ಮಾಡಿದ್ದರಲ್ಲಿ ಅದು ದೊಡ್ಡದು. ಪರಾತದ ಅಷ್ಟೂ ಮಣ್ಣು ಅದಕ್ಕೇ ಹಿಡಿಯಿತು. ಮೂರು ವಾರ ನಡೆದ ಕೆಲಸ. ಕಾಶಿ ಎರಡು ಕಿವಿ ಮಾಡಿದಳು. ಬಲಗಿವಿಯ ಹಾಲೆಯಲ್ಲಿ ಎರಡು ತೂತು ಇರಲಿ ಎಂದು ಅವಳೂ, ಬೇಡ ದೇವರಿಗೆ ಒಂದೇ ಸಾಕು ಎಂದು ಅಪ್ಪನೂ ವಾದಿಸಿದರು. ಕೊನೆಗೆ ಅಪ್ಪ ಸೋತ. ಅವಳಿಗೆ ಕಣ್ಣು ಮಾಡುವ ಆಸೆಯೂ ಬಂದಿತ್ತು. ದಿನಾ ಬೇಡುತ್ತಿದ್ದಳು. ಅಪ್ಪ ನಕ್ಕು, ಕಣ್ಣಿನ ತಂಟೆಗೆ ಹೋಗಬೇಡ, ಅದಕ್ಕೆ ಇನ್ನೂ ಹತ್ತು ವರ್ಷ ಇದೆ ಎನ್ನುತ್ತಿದ್ದ. ಹತ್ತು ವರ್ಷದ ನಂತರ ಅಲ್ಲಿ ಯಾರು ಕುಳಿತಿರುತ್ತಾರೆ ಎಂಬುದು ಆ ಮಾತಿನಲ್ಲಿ ನಿಶ್ಚಯವಾಗಿತ್ತು. ಶುಕ್ರವಾರ ಬೆಳಿಗ್ಗೆ ಅಪ್ಪ ಮಿಂದು ಬಂದು ಕಣ್ಣು ತೆರೆಸಿದ. ಮರುದಿನ ಊರಿನ ಹಿರಿಯರು ಬಂದು ನೋಡುವವರಿದ್ದರು.

ಶನಿವಾರ ಅವರನ್ನು ಕರೆತರಲು ಅಪ್ಪ ಬಸ್ ಸ್ಟ್ಯಾಂಡಿಗೆ ಹೋದ. ಅವ್ವ ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಕಾಶಿ ಹಾಲು ತರಲು ಹೋಗಿದ್ದಳು. ನಾನು ಪಡಸಾಲೆ ಕಸ ಹೊಡೆಯುತ್ತ ಮುಖಕ್ಕೆ ಹೊದಿಸಿದ್ದ ಅವ್ವನ ಹಳೆ ಸೀರೆಯ ತುಂಡನ್ನು ತೆಗೆದೆ. ಬಿಸಿಲಿನ ಚೌಕ ನೇರವಾಗಿ ಅದರ ಮೇಲೆ ಬಿದ್ದಿತ್ತು. ಊರವ್ವ ನನ್ನನ್ನು ನೋಡುತ್ತಿದ್ದಳು, ನನ್ನದೇ ಎರಡು ಕಿವಿ ಇಟ್ಟುಕೊಂಡು. ನಾನು ಕಸಬರಿಗೆ ಕೆಳಗಿಟ್ಟೆ. ಎರಡೂ ಹೆಬ್ಬೆರಳನ್ನು ಅವಳ ಕಣ್ಣುಗಳ ಮೇಲಿಟ್ಟು ಅಪ್ಪ ಮಾಡುವ ಹಾಗೆಯೇ ಮೆಲ್ಲಗೆ ಕೆಳಗೆ ಎಳೆದೆ. ಅಷ್ಟು ಮೆತ್ತಗಿತ್ತು ಮಣ್ಣು. ನಾನೇ ಹದ ಮಾಡಿದ್ದು. ಆಮೇಲೆ ಯಾವಾಗಲೂ ಮಾಡುವ ಹಾಗೆ ಮಲಗಿಸಿದೆ. ಮೊದಲು ಕಿವಿ ಕಿತ್ತೆ.

ಮೊದಲು ಬಂದವಳು ಕಾಶಿ. ಹಾಲಿನ ತಂಬಿಗೆ ಹೊಸ್ತಿಲಲ್ಲೇ ಇಟ್ಟು ಪರಾತದ ಹತ್ತಿರ ಮಂಡಿಯೂರಿದಳು. ತುಂಡುಗಳ ನಡುವೆ ಮುಚ್ಚಿದ ಒಂದು ಕಣ್ಣು ಇನ್ನೂ ಹಾಗೆಯೇ ಇತ್ತು. ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ನನ್ನ ಬಲಗೈಯ ಹೆಬ್ಬೆರಳಿಗೆ ಈಳಿಗೆ ತಾಗಿ ಆದ ಒಂದು ಗೀರು ಅಡ್ಡಕ್ಕೆ ಇದೆ, ಈಗಲೂ ಇದೆ. ಆ ರೆಪ್ಪೆಯ ಮೇಲೆ ಗೀರು ಅಚ್ಚಾಗಿತ್ತು. ಅವಳು ನನ್ನ ಕೈ ನೋಡಿದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಅಪ್ಪನ ದನಿ, ಹಿರಿಯರ ದನಿ ಕೇಳಿಸಿತು. ಅವಳು ಆ ಕಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿದಳು.

ಓಣಿಯ ತುದಿಯಲ್ಲಿ ಅವಳು ಅಪ್ಪನಿಗೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅಪ್ಪ ಒಳಗೆ ಬಂದು ಪರಾತ ನೋಡಿದ. ಹಿಂದೆ ಬಂದ ನಾಲ್ವರು ಹಿರಿಯರು ತಲೆಯ ಪಟಗ ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತರು. ಅಪ್ಪ ಅವರನ್ನು ಕೂಡ್ರಿಸಲಿಲ್ಲ. ನನ್ನನ್ನು ಕೇಳಿದ. ಕಣ್ಣು ಮುಚ್ಚಿತ್ತು, ನಿನಗೆ ಹಿಡಿಸಿಲ್ಲ ಎಂದು ಕೇಳದೆ ಮಲಗಿಸಿದೆ ಎಂದು ನಾನು ಹೇಳಿದೆ. ಆ ಉತ್ತರ ನನ್ನ ಬಾಯಲ್ಲಿ ತಯಾರಾಗಿಯೇ ಇತ್ತು. ಕಾಶಿ ನಡುವೆ ಬಂದಳು.

“ಆಕೀನ ಮುಚ್ಚ್ಯಾಳ ಅಪ್ಪಾ. ಆಕಿ ಹೆಬ್ಬೆಟ್ಟಿಂದು ಗೀರ ಇದರಾಗ ಬಂದೈತಿ. ನೋಡು.”

ಮುಷ್ಟಿ ಬಿಚ್ಚಿದಳು. ಎಂಟು ವರ್ಷದ ಹುಡುಗಿ ಸಿಟ್ಟಿನಲ್ಲಿ ಮುಷ್ಟಿ ಬಿಗಿದುಕೊಂಡು ಓಡಿದ್ದಳು. ಎಣ್ಣೆಮಣ್ಣಿಗೆ ಅಂಗೈಯ ಬಿಸಿ ಸಾಕು. ಅಲ್ಲಿ ಕಣ್ಣೂ ಇರಲಿಲ್ಲ, ಗೀರೂ ಇರಲಿಲ್ಲ. ಒಂದು ಮುದ್ದೆ, ಅದರ ಮೇಲೆ ಅವಳದೇ ನಾಲ್ಕು ಬೆರಳು. ಅವಳೂ ಅದನ್ನು ನೋಡಿದಳು.

“ಇದರಾಗ ನಿನ್ನ ಬೆರಳ ಅದಾವ ಕಾಶಿ,” ಎಂದ ಅಪ್ಪ. “ಕಣ್ಣಿನ ತಂಟೆಗೆ ಹೋಗಬ್ಯಾಡ ಅಂದಿದ್ದಿಲ್ಲೇನ ನಾ? ಮಾಡಾಕ ಹೋಗಿ ಕೆಡಿಸಿ, ಮ್ಯಾಲ ಅಕ್ಕನ ಹೆಸರ ಹೇಳತಿ.”

‘ಕೆಡಿಸಿ’ ಎಂಬ ಮಾತು ಆ ಪಡಸಾಲೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಾಶಿ ಕಿರುಚಿದಳು, ನನ್ನ ಮೈಮೇಲೆ ಬಿದ್ದಳು, ನನ್ನ ತೋಳಿಗೆ ಕಚ್ಚಿದಳು. ಅವ್ವ ಬಂದು ಅವಳನ್ನು ಎಳೆದುಕೊಂಡಳು. ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ತೋಳು ಹಿಡಿದುಕೊಂಡು ಅತ್ತೆ. ನೋವು ನಿಜವಾದದ್ದೇ ಆಗಿತ್ತು, ಅದರಿಂದ ಅನುಕೂಲವಾಯಿತು. ಕಣ್ಣು ತೆರೆದ ಮುಖ ಮುಟ್ಟಲು ನನಗೆ ಎಂದೂ ಅನುಮತಿಯೇ ಇರಲಿಲ್ಲ. ಹಾಗಾಗಿ ನಾನು ಮುಟ್ಟಿರಬಹುದು ಎಂದು ಅಪ್ಪನಿಗೆ ಹೊಳೆಯಲೇ ಇಲ್ಲ. ನನ್ನನ್ನು ಹೊರಗಿಟ್ಟ ನಿಯಮವೇ ನನ್ನನ್ನು ಕಾಪಾಡಿತು. ಹಿರಿಯರು ಅವಲಕ್ಕಿಯನ್ನೂ ಮುಟ್ಟದೆ ಹೊರಟರು. ಅವರಲ್ಲಿ ಮುದುಕನೊಬ್ಬ, ದೇವರ ಮುಖದ ಮೇಲೆ ಮಕ್ಕಳನ್ನು ಆಡಲು ಬಿಡುವ ಮನೆ ಇದು ಎಂದು ಓಣಿಗೆಲ್ಲ ಕೇಳುವಂತೆ ಹೇಳಿಹೋದ. ಅಪ್ಪ ಸಂಜೆಯವರೆಗೂ ಏಳಲಿಲ್ಲ. ಎದ್ದಾಗ ಒಂದೇ ಮಾತು ಹೇಳಿದ.

“ಕಾಶಿ, ಇನ್ನ ನೀ ಮಣ್ಣ ಮುಟ್ಟಬ್ಯಾಡ.”

ಅವಳು ಮುಟ್ಟಲಿಲ್ಲ. ಮಣ್ಣನ್ನೂ ಮುಟ್ಟಲಿಲ್ಲ, ಅಪ್ಪ ಕುಳಿತ ಪಂಕ್ತಿಯಲ್ಲಿ ಅನ್ನವನ್ನೂ ಮುಟ್ಟಲಿಲ್ಲ. ಎಂಟು ದಿನ ಅಡುಗೆಮನೆಯ ಮೂಲೆಯಲ್ಲಿ ಉಂಡಳು. ಒಂಬತ್ತನೆಯ ದಿನ ಅವ್ವ ಅವಳ ಲಂಗ ಪೋಲಕ ಚೀಲಕ್ಕೆ ತುಂಬಿ ರಾಮದುರ್ಗಕ್ಕೆ ತನ್ನ ಅಣ್ಣನ ಮನೆಗೆ ಕರೆದುಕೊಂಡು ಹೋದಳು. ಬೇಸಿಗೆ ಸೂಟಿ ಮುಗಿಯುವ ತನಕ ಎಂದು ಹೇಳಿದ್ದಳು. ಸೂಟಿ ಮುಗಿಯಿತು. ಮಾವನದು ನೇಯ್ಗೆಯ ಮನೆ. ಕಾಶಿಗೆ ಅಲ್ಲಿ ನೂಲು ಸುತ್ತುವುದು ಬಂತು, ಮಗ್ಗ ಬಂತು, ಮುಂದೆ ಮಾವನ ಮಗನ ಜೊತೆಯೇ ಮದುವೆ ಆಯಿತು. ಹೋಗುವ ದಿನ ಬಸ್ಸಿನ ಕಿಟಕಿಯಿಂದ ಅವಳು ನನ್ನನ್ನು ನೋಡಲಿಲ್ಲ. ನಾನು ಮನೆಗೆ ಬಂದು ಹಲಗೆಯ ಬಲಕ್ಕೆ ಕುಳಿತೆ.

ಆ ಜಾಗ ನನಗೆ ಸಿಕ್ಕಿತು, ಆದರೆ ಅದರಲ್ಲಿ ಏನೂ ಇರಲಿಲ್ಲ. ಅಪ್ಪ ನನಗೆ ಕಿವಿ ಮಾಡಲು ಕೊಟ್ಟು ನೋಡಿದ. ಎರಡು ವರ್ಷ ಪ್ರಯತ್ನಿಸಿದೆ. ಅಪ್ಪ ಬೈಯಲಿಲ್ಲ, ನಾನು ಮಾಡಿದ್ದರ ಮೇಲೆ ಮಣ್ಣಿನದೇ ಒಂದು ಎಳೆ ಕೂದಲು ಇಳಿಬಿಡುತ್ತಿದ್ದ, ಮತ್ತೊಂದು ಎಳೆ, ಕೊನೆಗೆ ದೊಡ್ಡ ಬುಗುಡಿ. ಸಿಟ್ಟು ಇಳಿದು ತಿರುಗಿ ಬಂದ ಯರಗಟ್ಟಿ ಕಡೆಯವರ ಊರವ್ವನೂ ಹಾಗೆಯೇ ಕಿವಿ ಮುಚ್ಚಿಕೊಂಡು ಹೋದಳು. ವಿಚಿತ್ರವೆಂದರೆ ಜನಕ್ಕೆ ಅದು ಹಿಡಿಸಿತು. ಸವದತ್ತಿ, ಕಿತ್ತೂರು, ಎಂ.ಕೆ. ಹುಬ್ಬಳ್ಳಿ ಕಡೆಯಿಂದ ಬಂದವರು, ನಮ್ಮವ್ವಗೂ ಹಂಗ ಕಿವಿ ಮುಚ್ಚಿಂದ ಮಾಡಿ ಕೊಡ್ರಿ, ಎಂದು ಕೇಳತೊಡಗಿದರು. ಈ ಸೀಮೆಯಲ್ಲಿ ಈಗಲೂ ಕೂದಲಿನಿಂದ ಕಿವಿ ಮುಚ್ಚಿದ ಹಿತ್ತಾಳೆ ಮುಖ ಕಂಡರೆ ಅದು ನಮ್ಮ ಮನೆಯದು. ಅದು ಅಪ್ಪನ ಕೈಗುಣ ಎಂದು ಜನ ಹೇಳುತ್ತಾರೆ. ಕಾಕಾ ಮಾತ್ರ ಒಮ್ಮೆ ಅಚ್ಚು ತೆಗೆದುಕೊಳ್ಳುತ್ತ, “ನಿಮ್ಮ ದೇವರ ಎಲ್ಲಾ ಕಿವುಡ ಆದುವಲ್ಲೋ,” ಎಂದ.

ಕಾಶಿ ಪಂಚಮಿಗೆ, ದೀಪಾವಳಿಗೆ ಬರುತ್ತಿದ್ದಳು. ಬಂದಾಗ ಪಡಸಾಲೆ ದಾಟುವಾಗ ಪರಾತವನ್ನು ಸುತ್ತಿ ಗೋಡೆಗುಂಟ ನಡೆಯುತ್ತಿದ್ದಳು. ಅವಳು ಬರುವ ದಿನ ಅಪ್ಪ ನಸುಕಿನಲ್ಲಿ ತಾನೇ ಎದ್ದು ಹಂಡೆಯ ಮೇಲೆ ಒಂದು ಸಣ್ಣ ಗಡ್ಡೆ ಕಾಯಿಸುತ್ತಿದ್ದ. ಅದನ್ನು ತಾನೇ ನಾದಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಅವಳ ಚಹಾದ ಬಟ್ಟಲಿನ ಪಕ್ಕ ಇಡುತ್ತಿದ್ದ. ಅವಳು ಚಹಾ ಕುಡಿದು ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು. ಉಂಡೆ ಅಲ್ಲೇ ತಣಿದು ಗಟ್ಟಿಯಾಗುತ್ತಿತ್ತು. ಸಂಜೆ ನಾನು ಅದನ್ನು ಪರಾತಕ್ಕೆ ಹಾಕುತ್ತಿದ್ದೆ. ಜೀವಮಾನವೆಲ್ಲ ಅಪ್ಪನಿಗೆ ಮಣ್ಣು ಕಾಯಿಸಿ ಕೊಟ್ಟವಳು ನಾನು. ನನಗೆಂದು ಅಪ್ಪ ಒಂದು ಉಂಡೆ ಕಾಯಿಸಿದ್ದಿಲ್ಲ. ಗೆದ್ದ ಮೇಲೂ ನನ್ನ ಹೊಟ್ಟೆಕಿಚ್ಚು ತಣಿಯಲಿಲ್ಲ. ಅವಳು ಊರಲ್ಲಿ ಇಲ್ಲದಿರುವುದರ ಮೇಲೂ ನನಗೆ ಕಿಚ್ಚಿತ್ತು. ಅಪ್ಪ ತೀರಿಕೊಂಡಾಗ ಅವಳು ಬಂದು ಕಾಲ ಹತ್ತಿರ ಕುಳಿತು ಅತ್ತದ್ದನ್ನು ಕಂಡು, ಇವಳಿಗೆ ಇಷ್ಟು ಅಳು ಎಲ್ಲಿಂದ ಬಂತು, ದಿನಾ ಮಾಡಿದವಳು ನಾನಲ್ಲವೇ ಎಂದುಕೊಂಡಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಅದು ಹಾಗೆಯೇ ಇತ್ತು.

ನನ್ನ ಗಂಡ ನಮ್ಮ ಮನೆಗೇ ಬಂದವರು. ಅಪ್ಪನ ನಂತರ ಮುಖ ಮಾಡುವುದು ಅವರು, ಹದ ಮಾಡುವುದು ನಾನು. ಹೋದ ಮಳೆಗಾಲದಲ್ಲಿ ಕಾಶಿ ಜ್ವರ ಬಂದು ಮಲಗಿದ್ದಾಳೆಂದು ರಾಮದುರ್ಗದಿಂದ ಫೋನ್ ಬಂತು. ಹೋಗಿ ಇಪ್ಪತ್ತು ದಿನ ಅವಳ ಹತ್ತಿರ ಇದ್ದೆ. ಹಾಸಿಗೆಯನ್ನು ಮಗ್ಗದ ಕೋಣೆಯಲ್ಲೇ ಹಾಕಿದ್ದರು. ಒಳಗೆ ಮಲಗಲು ಅವಳು ಒಪ್ಪಿರಲಿಲ್ಲ, ಮಗ್ಗದ ಸಪ್ಪಳ ಇಲ್ಲದಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕೈ ಬಹಳ ಸಣ್ಣಗಾಗಿದ್ದವು. ಜ್ವರದಲ್ಲೂ ತಲೆಯ ಮೇಲಿನ ಸೆರಗು ಸರಿಯಲು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುತ್ತಿದ್ದೆ. ಅವಳು ನನ್ನ ಬಲಗೈಯ ಹೆಬ್ಬೆರಳನ್ನು ಹಿಡಿದುಕೊಂಡಳು. ಗೀರಿನ ಮೇಲೆ ತನ್ನ ಬೆರಳು ಆಡಿಸಿದಳು.

“ಆವತ್ತ ನಾ ಅಷ್ಟ ಗಟ್ಟಿ ಹಿಡೀಬಾರದಿತ್ತ ಅಕ್ಕಾ.”

“ಏನನ್ನ?” ಎಂದೆ ನಾನು.

“ಅಂಗೈ ಮ್ಯಾಲ ಇಟಗೊಂಡ ಹೋಗಬೇಕಾಗಿತ್ತು. ನನಗ ಎಲ್ಲಿ ತಿಳೀಬೇಕು. ಮುಷ್ಟಿ ಮಾಡಿ ಓಡಿದೆ.”

ಅವಳು ನನ್ನನ್ನೇ ನೋಡುತ್ತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗ್ಗ ನಿಂತಿತ್ತು. ಹೌದು, ನಾನೇ ಮುಚ್ಚಿದೆ ಎಂದು ಎರಡು ಮಾತು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದರ ಬದಲು ನಾನು ಹೇಳಿದ್ದು ಇದು:

“ಜ್ವರದಾಗ ಏನೇನರ ನೆನಸಬ್ಯಾಡ. ಈ ತುತ್ತ ನುಂಗು.”

ಅವಳು ನಕ್ಕಳು.

“ನುಂಗತೇನಿ ತಾ. ನನಗ ರೂಢಿ ಅದ.”

ಅದಾದ ನಾಲ್ಕನೆಯ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಅವಳು ತೀರಿಕೊಂಡಳು. ಕಣ್ಣು ಅರ್ಧ ತೆರೆದೇ ಇದ್ದವು. ನೆರೆಮನೆಯ ಹೆಂಗಸೊಬ್ಬಳು ನನ್ನ ಭುಜ ಮುಟ್ಟಿ, “ನೀವ ಹಿರೇರಿದ್ದೀರಿ ಅಕ್ಕಾರ, ನೀವ ಮುಚ್ಚರಿ,” ಎಂದಳು. ಎಲ್ಲರೂ ಜಾಗ ಬಿಟ್ಟರು. ನಾನು ಎರಡೂ ಹೆಬ್ಬೆರಳನ್ನು ಅವಳ ಕಣ್ಣುಗಳ ಮೇಲಿಟ್ಟು ಮೆಲ್ಲಗೆ ಕೆಳಗೆ ಎಳೆದೆ. ಅಪ್ಪ ಕಲಿಸಿದ್ದು ಅದೊಂದೇ ರೀತಿ. ಬೇರೆ ಹೇಗೆ ಮುಚ್ಚಬೇಕೆಂದು ನನಗೆ ಗೊತ್ತಿರಲಿಲ್ಲ. ಓಣಿಯ ನೇಕಾರರೆಲ್ಲ ಆ ದಿನ ಮಗ್ಗ ನಿಲ್ಲಿಸಿ ಬಂದಿದ್ದರು. ಅವರು ಅಳುವುದನ್ನು ನೋಡಿದಾಗ ಮತ್ತೆ ಆ ಹಳೆಯ ಕಿಚ್ಚು ಒಂದು ಕ್ಷಣ ಎದ್ದಿತು. ನಾನು ಹೋದಾಗ ಯಾರು ಕೆಲಸ ನಿಲ್ಲಿಸುತ್ತಾರೆ ಎಂದುಕೊಂಡೆ.

ಮನೆಗೆ ಬಂದು ತಿಂಗಳಾದ ಮೇಲೆ ಮಣ್ಣು ಕಾಯಿಸಿದೆ. ಈಗ ಹಂಡೆ ಇಲ್ಲ. ಗ್ಯಾಸಿನ ಮೇಲೆ ಬಿಸಿನೀರಿನ ಪಾತ್ರೆ ಇಟ್ಟು ಅದರ ಮೇಲೆ ಪರಾತ ಇಡುತ್ತೇನೆ. ಎಷ್ಟೋ ಸಲ ಮೇಣ, ಎಣ್ಣೆ ಸೇರಿಸಿದ್ದೇವೆ, ಆದರೂ ಮೂಲ ಮಣ್ಣು ಅದೇ. ಅವಳು ಎಂಟು ವರ್ಷಕ್ಕೆ ಮುಷ್ಟಿಯಲ್ಲಿ ಹಿಡಿದ ಮುದ್ದೆಯೂ ಅದರೊಳಗೇ ಎಲ್ಲೋ ಇದೆ. ಹದ ಬಂತೋ ಇಲ್ಲವೋ ಎಂದು ನನ್ನ ಕಿವಿಯನ್ನು ನಾನೇ ಹಿಡಿದು ನೋಡಿಕೊಂಡೆ. ಹಲಗೆ ತಂದು ಕಾಶಿಯ ಮುಖ ಮಾಡಲು ಕುಳಿತೆ. ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ನೋಡಿದ್ದು ಕೈಗೆ ಬಂದಿರಬೇಕು. ಅಗಲ ಹಣೆ ಬಂತು, ಗಿಡ್ಡ ಮೂಗು ಬಂತು, ನನ್ನ ಮೇಲೆ ನಗುವಾಗ ಎಡಕ್ಕೆ ಏರುವ ತುಟಿಯೂ ಬಂತು. ನನ್ನ ಗಂಡ ಊಟಕ್ಕೆ ಕರೆಯಲು ಬಂದವರು ನೋಡಿ ಅಲ್ಲೇ ನಿಂತರು.

“ಕಾಶವ್ವನ ಅದಾಳ,” ಎಂದರು. “ಕಿವಿ ಯಾಕ ಬಿಟ್ಟಿ?”

ನಾನು ಫೋಟೋಗಳನ್ನೆಲ್ಲ ತೆಗೆದು ನೋಡಿದ್ದೇನೆ. ಮದುವೆಯದರಲ್ಲಿ ದಂಡೆ, ಬಾಸಿಂಗ ಅಡ್ಡ ಇವೆ. ಉಳಿದವುಗಳಲ್ಲಿ ತಲೆಯ ಮೇಲೆ ಸೆರಗು. ಅವಳ ಮಕ್ಕಳಿಗೆ ಫೋನ್ ಮಾಡಿ ಕೇಳಿದೆ. ಅವ್ವನ ಕಿವಿ ಹೇಗಿತ್ತು ಎಂದರೆ, ಬೆಂಡೋಲೆ ಇತ್ತು ಚಿಗವ್ವ, ಎಂದರು. ನಾನು ಅವರಿಗೆ ದೊಡ್ಡವ್ವ. ದುಃಖದಲ್ಲಿ ಅದನ್ನೂ ತಪ್ಪಿ ಹೇಳಿದರು, ನಾನು ತಿದ್ದಲಿಲ್ಲ. ಒಂದೇ ಕೌದಿಯ ಕೆಳಗೆ ಎಂಟು ವರ್ಷ ಮಲಗಿದವಳು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ನನ್ನ ಕಿವಿಯನ್ನು ಎರಡು ತೂತಿನ ಸಮೇತ ನೋಡಿಟ್ಟುಕೊಂಡಿದ್ದಳು. ಅವಳದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಕೂದಲು ಇಳಿಬಿಟ್ಟು ಮುಚ್ಚಬಹುದು. ಅದು ನಮ್ಮ ಮನೆಗೆ ಬಂದ ವಿದ್ಯೆ. ನಾನು ಮುಚ್ಚಿಲ್ಲ. ಮುಖ ಹಲಗೆಯ ಮೇಲಿದೆ, ಕಣ್ಣು ತೆರೆದಿವೆ. ಕಿವಿ ಇಲ್ಲ.